ಕರೆದರೆ ಬರಬೇಕು

ನಾಯಿ ಮನೆಗೆ ಬಂದ ದಿನವೇ ಮೇಷ್ಟ್ರು ಅದಕ್ಕೆ ಪಾಠಗಳ ಪಟ್ಟಿ ಹಾಕಿಬಿಟ್ಟರು. ಹೇಳಿದ ಕೂಡಲೇ ಕೂರುವುದು ಒಂದು, ಕೂತ ಕಡೆ ಅಲ್ಲಾಡದೆ ಇರುವುದು ಎರಡು, ಬಾಯಿಗೆ ಹಾಕಿಕೊಂಡದ್ದನ್ನು ಬಿಡುವುದು ಮೂರು, ಕರೆದರೆ ಬರುವುದು ನಾಲ್ಕು. ಅವಧಿ ಒಂದು ತಿಂಗಳು. ವಿದ್ಯಾರ್ಥಿ ಆ ಹೊತ್ತಿಗೆ ಅವರದೇ ಚಪ್ಪಲಿಯ ಮೇಲೆ ಮುಖವಿಟ್ಟು ನಿದ್ದೆ ಹೊಡೆಯುತ್ತಿತ್ತು.

"ನಾಲ್ಕರಲ್ಲಿ ಒಂದು ಬರ್ಲಿಲ್ಲ ಅಂದ್ರೂ ಇದನ್ನ ಯಾರಿಗಾದ್ರೂ ಕೊಟ್ಟುಬಿಡ್ತೀನಿ. ಆಮೇಲೆ ಅತ್ತು ಕರೆದು ಮಾಡೋ ಹಾಗಿಲ್ಲ," ಎಂದರು ಮೇಷ್ಟ್ರು.

"ಕೊಡಿ. ಅದು ಹೋದ ದಿನ ನಾನೂ ಹೋಗ್ತೀನಿ," ಎಂದಳು ಮಗಳು. ದನಿಯೇನೂ ಏರಲಿಲ್ಲ. ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಹೇಳಿದಳು, ಸವರುವುದನ್ನು ನಿಲ್ಲಿಸಲೂ ಇಲ್ಲ.

ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದಿದ್ದ ತಾಯಿಯ ಕಾಲು ಪೆಡಲಿನ ಮೇಲೆ ನಿಂತುಹೋಯಿತು. ಕೂಗಾಡುವವರು ಎಲ್ಲಿಗೂ ಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಇಪ್ಪತ್ತನಾಲ್ಕು ವರ್ಷದಿಂದ ಅಂಥವರೊಬ್ಬರ ಜೊತೆ ಸಂಸಾರ ಮಾಡಿದ್ದಳು. ಮೆತ್ತಗೆ ಮಾತಾಡುವವರದೇ ಭಯ. ಹಿಂದಿನ ವಾರ ಮಗಳ ಕೈಚೀಲದ ಹಿಡಿ ಹೊಲಿಯಲು ತೆಗೆದಾಗ ಒಳಗೊಂದು ಬೀಗದ ಕೈ ಸಿಕ್ಕಿತ್ತು. ಮೆಡಿಕಲ್ ಸ್ಟೋರಿನಲ್ಲಿ ಜೊತೆಗೆ ಕೆಲಸ ಮಾಡುವ ಹುಡುಗಿಯರ ರೂಮಿನದಂತೆ. ಅಲ್ಲಿ ಒಂದು ಮಂಚ ಖಾಲಿ ಇದೆಯಂತೆ. "ಸುಮ್ನೆ ಇಟ್ಕೊಂಡಿದೀನಿ ಅಮ್ಮ," ಎಂದಿದ್ದಳು ಮಗಳು. ಬೀಗದ ಕೈಯನ್ನು ಸುಮ್ಮನೆ ಇಟ್ಟುಕೊಳ್ಳುವವರನ್ನು ತಾಯಿ ಈವರೆಗೆ ಕಂಡಿರಲಿಲ್ಲ. ಹಾಗಾಗಿ ನಾಯಿ ಪಾಸಾಗಲೇಬೇಕಿತ್ತು. ಈ ಸಂಗತಿಯನ್ನು ಆ ಮನೆಯಲ್ಲಿ ಅವಳಷ್ಟು ಸ್ಪಷ್ಟವಾಗಿ ಅರ್ಥ ಮಾಡಿಕೊಂಡವರು ಇನ್ನೊಬ್ಬರಿರಲಿಲ್ಲ.

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ, ಕಾರು ಕಲಿಸುವ ಮೇಷ್ಟ್ರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದರು. ಅವರ ಕಾಲಡಿಗೇ ಬೇರೊಂದು ಬ್ರೇಕು, ಕೈಯಲ್ಲಿ ಒಂದು ಸ್ಟೀಲಿನ ಸ್ಕೇಲು. ಗೇರು ತಪ್ಪಿದರೆ ಬೆರಳ ಗೆಣ್ಣಿಗೆ ಟಕ್ ಎಂದು ಬೀಳುತ್ತಿತ್ತು. ಗಂಡಸು ಹೆಂಗಸು, ಡಾಕ್ಟರು ದಿನಸಿ ಅಂಗಡಿಯವನು ಎಂಬ ಭೇದವಿಲ್ಲ, ಎಲ್ಲರಿಗೂ ಒಂದೇ ಸ್ಕೇಲು. ಅವರ ಕೈಯಲ್ಲಿ ಕಲಿತವರು ಟೆಸ್ಟಿನಲ್ಲಿ ಫೇಲಾದದ್ದು ಕಡಿಮೆ. ಪಾಸಾದ ಮೇಲೆ ದಾರಿಯಲ್ಲಿ ಸಿಕ್ಕಾಗ ನಿಂತು ಮಾತಾಡಿಸಿದವರು ಅದಕ್ಕಿಂತ ಕಡಿಮೆ.

ಹೆಂಡತಿಯನ್ನು ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಿದ್ದರು. ಹೊಸ ಬಟ್ಟೆ ಹೊಲಿಯುವುದು ಅವಳ ಕೈಗೆ ಬರುತ್ತಿದ್ದದ್ದು ಅಪರೂಪ. ಜಿಪ್ಪು ಹಾಕುವುದು, ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸವೆದ ಕಾಲರನ್ನು ಬಿಚ್ಚಿ ತಿರುಗಿಸಿ ಹೊಲಿಯುವುದು, ಇಂಥವೇ. ಹಳೆಯದನ್ನು ಇನ್ನೊಂದು ವರ್ಷ ಓಡಿಸಿಕೊಡುವುದರಲ್ಲಿ ಅವಳ ಕೈ ಪಳಗಿತ್ತು, ಬಟ್ಟೆಯಲ್ಲೂ ಸಂಸಾರದಲ್ಲೂ. ಇವರಿಬ್ಬರು, ಮಗಳು, ಮೇಷ್ಟ್ರ ತಾಯಿ, ಒಟ್ಟು ನಾಲ್ಕು ಜನ. ಅಜ್ಜಿಯ ಮಂಚ ಅಡಿಗೆಮನೆಯ ಬಾಗಿಲ ಪಕ್ಕದಲ್ಲಿತ್ತು. ಅವರಿಗೆ ಒಂದು ಕಿವಿ ಕೇಳುತ್ತಿರಲಿಲ್ಲ. ಯಾವ ಕಿವಿ ಎನ್ನುವುದು ಆಯಾ ಹೊತ್ತಿನ ಮಾತಿನ ಮೇಲೆ ಹೋಗುತ್ತಿತ್ತು.

ನಾಯಿ ಸಿಕ್ಕಿದ್ದು ಮೆಡಿಕಲ್ ಸ್ಟೋರಿನ ಮೆಟ್ಟಿಲ ಮೇಲೆ, ಸಿರಪ್ಪಿನ ಖಾಲಿ ಡಬ್ಬದಲ್ಲಿ. ಕಂದು ಬಣ್ಣ, ಒಂದು ಕಾಲು ಮಾತ್ರ ಬಿಳಿ. ಎರಡು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು, ಬೆಳೆದರೂ ಇದಕ್ಕಿಂತ ಹೆಚ್ಚು ಬೆಳೆಯುವುದಿಲ್ಲ ಎಂದು ಯಾರೋ ಹೇಳಿದ್ದರು. "ಇದೇನೇ ಇದು, ಉಪ್ಪಿನ ಡಬ್ಬಿಯಿಂದ ಚಿಟಿಕೆ ತೆಗೆದ ಹಾಗಿದೆ," ಎಂದರು ಅಜ್ಜಿ. ಹೆಸರು ಚಿಟಿಕೆ ಎಂದೇ ಆಯಿತು.

ಬೆಳಗಿನ ಪಾಠ ಮಗಳದು. ಬೇಯಿಸಿದ ಮೊಟ್ಟೆಯ ಬಿಳಿಯನ್ನು ಉಗುರಿನಷ್ಟು ತುಂಡು ಮಾಡಿಟ್ಟುಕೊಂಡು ಅಂಗಳದಲ್ಲಿ ಮಂಡಿಯೂರುತ್ತಿದ್ದಳು. ತುಂಡನ್ನು ನಾಯಿಯ ಮೂಗಿನ ಮೇಲೆ ಹಿಡಿದು ಮೆಲ್ಲಗೆ ಹಿಂದಕ್ಕೆ ಸರಿಸಿದರೆ ತಲೆ ಮೇಲೆ ಹೋಗುತ್ತಿತ್ತು, ತಲೆ ಮೇಲೆ ಹೋದಂತೆ ಹಿಂಭಾಗ ತಾನಾಗಿ ನೆಲಕ್ಕೆ ಇಳಿಯುತ್ತಿತ್ತು. ಇಳಿದ ಕ್ಷಣಕ್ಕೆ "ಕೂತ್ಕೋ" ಎನ್ನುವುದು, ಮೊಟ್ಟೆ ಬಾಯಿಗೆ. ನಾಲ್ಕನೇ ದಿನಕ್ಕೆ ಮೊಟ್ಟೆ ಕಾಣದಿದ್ದರೂ "ಕೂತ್ಕೋ" ಎಂದರೆ ಕೂರತೊಡಗಿತು.

"ನಮ್ಮ ಕಾಲ್ದಲ್ಲಿ ಮಕ್ಕಳಿಗೇ ಮೊಟ್ಟೆ ಇರ್ಲಿಲ್ಲ," ಎಂದರು ಅಜ್ಜಿ.

"ನಿನಗೂ ಕೊಡ್ತೀನಿ ಅಜ್ಜಿ, ಕೂತ್ಕೋ."

"ಕೂತೇ ಇದೀನಲ್ಲೇ, ಹತ್ತು ವರ್ಷದಿಂದ."

ತಾಯಿ ನಕ್ಕಳು. ಮಗಳು ಎದ್ದು ಕೈ ತೊಳೆಯುತ್ತಾ ಅವಳಿಗೂ ಪಾಠ ಹೇಳಿದಳು. "ನೋಡಮ್ಮ, ಹಗಲೆಲ್ಲ ಇದು ನಿನ್ನ ಜೊತೇಲೇ ಇರೋದು. ಒಂದು ಸಲ ಹೇಳು, ಹತ್ತು ಸಲ ಹೇಳ್ಬೇಡ. ಇನ್ನೊಂದು ಮುಖ್ಯ. ಬಾ ಅಂತ ಕರೆದಾಗ ಅದಕ್ಕೆ ಯಾವಾಗ್ಲೂ ಒಳ್ಳೇದೇ ಆಗ್ಬೇಕು. ಸ್ನಾನಕ್ಕೆ ಕರೀಬೇಡ, ಮಾತ್ರೆ ನುಂಗ್ಸೋಕೆ ಕರೀಬೇಡ, ಬಯ್ಯೋಕಂತೂ ಕರೀಲೇಬೇಡ. ಅದಕ್ಕೆಲ್ಲ ನಾವೇ ಹೋಗಿ ಎತ್ಕೊಂಡು ಬರ್ಬೇಕು."

"ಅಷ್ಟೆಲ್ಲ ಅದಕ್ಕೆ ಗೊತ್ತಾಗುತ್ತಾ?"

"ಗೊತ್ತಾಗೋದು ಅದೊಂದೇ ಅಮ್ಮ. ಈ ದನಿ ಹಿಂದೆ ಹೋದ್ರೆ ಏನಾಗುತ್ತೆ ಅನ್ನೋದು."

ಸಂಜೆಯ ಪಾಠ ಮೇಷ್ಟ್ರದು. ಆರು ಗಂಟೆಗೆ ಬಂದು, ಟೀ ಕುಡಿದು, ಸ್ಕೇಲು ತೆಗೆದುಕೊಂಡು ಅಂಗಳಕ್ಕೆ ಇಳಿಯುತ್ತಿದ್ದರು. "ಇರು" ಎನ್ನುವುದನ್ನು ಕಲಿಸಿದ್ದು ಅವರೇ. ನಾಯಿಯನ್ನು ಗೋಡೆಯ ಪಕ್ಕ ಕೂರಿಸಿ, "ಇರು" ಎಂದು ಗುಡುಗಿ, ಒಂದು ಹೆಜ್ಜೆ ಹಿಂದೆ ಸರಿಯುವುದು. ಅಲ್ಲಾಡಿತೋ, ಮೂಗಿನ ಮೇಲೆ ಟಕ್. ಎರಡೇ ದಿನಕ್ಕೆ ನಾಯಿ ಗೋಡೆಗೆ ಅಂಟಿಸಿದಂತೆ ಕೂರಲು ಕಲಿಯಿತು. ಸಾಲದ್ದಕ್ಕೆ ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ.

"ನೋಡ್ದ್ಯಾ? ಮೊಟ್ಟೆ ಇಲ್ಲ, ಮುದ್ದು ಇಲ್ಲ. ಎರಡು ದಿನ!" ಎಂದು ಹೆಂಡತಿಯನ್ನು ಕರೆದು ತೋರಿಸಿದರು. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. ನಾಯಿ ಕೂತಲ್ಲೇ ಉಚ್ಚೆ ಹೊಯ್ದುಕೊಂಡಿದ್ದನ್ನು ಅವಳು ನೋಡಿದಳು. ಅವರು ಒಳಗೆ ಹೋದ ಮೇಲೆ ಬಟ್ಟೆ ತಂದು ಒರೆಸಿದಳು.

ಅಜ್ಜಿಯ ಪಾಠ ಯಾವ ಪಟ್ಟಿಯಲ್ಲೂ ಇರಲಿಲ್ಲ. ಮೇಷ್ಟ್ರು "ಇರು" ಎಂದು ಬೆನ್ನು ತಿರುಗಿಸಿದ ಕೂಡಲೇ ಅವರ ದಿಂಬಿನ ಕೆಳಗಿನ ಬಿಸ್ಕತ್ತಿನ ಪೊಟ್ಟಣ ಸರಬರ ಎನ್ನುತ್ತಿತ್ತು. ನಾಯಿ ಒಂದೇ ಓಟಕ್ಕೆ ಮಂಚದ ಕೆಳಗಿರುತ್ತಿತ್ತು.

"ಯಾಕಮ್ಮ ಕರೀತೀಯ ಅದನ್ನ?"

"ನಾನೆಲ್ಲಿ ಕರೆದೆ? ಬಾಯೇ ಬಿಟ್ಟಿಲ್ಲ. ನಿನ್ನ ಪಾಠ ಅಷ್ಟು ಗಟ್ಟಿ ಇದ್ದಿದ್ರೆ ನನ್ನ ಬಿಸ್ಕತ್ತಿಗೆ ಓಡಿ ಬರ್ತಿತ್ತಾ?"

ಎರಡನೇ ವಾರದಲ್ಲಿ ಜಗಳ ಊಟದ ತಟ್ಟೆಯ ಮುಂದೆಯೇ ಶುರುವಾಯಿತು. ಆ ಸಂಜೆ ನಾಯಿ ಬಾಗಿಲ ಬಳಿ ಹೇತಿತ್ತು. ಮೇಷ್ಟ್ರು ಅಂಗಳದ ಆ ತುದಿಯಲ್ಲಿದ್ದ ನಾಯಿಯನ್ನು "ಚಿಟಿಕೆ, ಬಾ ಇಲ್ಲಿ," ಎಂದು ಕರೆದಿದ್ದರು. ಅದು ಬಾಲ ಆಡಿಸಿಕೊಂಡು ಓಡಿ ಬಂದಿತ್ತು. ಬಂದದ್ದನ್ನು ಹಿಡಿದು, ಹೇಲು ತೋರಿಸಿ, ಬಾರಿಸಿದ್ದರು.

ಮಗಳು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದಳು. "ಹೊಡೀಲೇಬೇಕು ಅಂದ್ರೆ ನೀವೇ ಎದ್ದು ಹೋಗಿ ಹೊಡೀರಿ ಅಪ್ಪ. ಕರೆದು ಹೊಡೀಬೇಡಿ."

"ಯಾಕೆ, ನಾನು ಅದರ ಹಿಂದೆ ಓಡ್ಬೇಕಾ? ತಪ್ಪು ಮಾಡಿದ್ದು ಅದು."

"ಕರೆದಿದ್ದಕ್ಕೆ ಬಂತು. ಬಂದಿದ್ದಕ್ಕೆ ಏಟು ಬಿತ್ತು. ಅದು ಕಲಿತಿದ್ದು ಅಷ್ಟೇ."

"ನಂಗೆ ಕಲಿಸೋದು ಹೇಳ್ಕೊಡ್ತೀಯಾ? ಎಷ್ಟು ಸಾವಿರ ಜನಕ್ಕೆ ಕಲಿಸಿದೀನಿ ಗೊತ್ತಾ?"

"ಒಬ್ಬಳಿಗೆ ಕಲಿಸೋಕೆ ಆಗ್ಲಿಲ್ಲವಲ್ಲ," ಎಂದಳು ಮಗಳು.

ಅಜ್ಜಿ ತಮ್ಮ ತಟ್ಟೆಯ ಮೇಲೆ ಬಗ್ಗಿದರು. ಆ ವಿಷಯ ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎರಡು ವರ್ಷದ ಹಿಂದೆ, ಮಗಳಿಗೆ ಹದಿನೆಂಟು ತುಂಬಿದಾಗ, ತನ್ನ ಮಗಳಿಗೇ ಕಾರು ಬರದಿದ್ದರೆ ಜನ ಏನಂದಾರು ಎಂದು ಮೇಷ್ಟ್ರು ದಿನಾ ಬೆಳಿಗ್ಗೆ ಅವಳನ್ನು ಕೂರಿಸಿಕೊಂಡು ಹೊರಟಿದ್ದರು. ಅದೇ ಸ್ಕೇಲು. ಹನ್ನೊಂದನೇ ದಿನ ನಾಲ್ಕು ರಸ್ತೆ ಕೂಡುವ ಕಡೆ ಹುಡುಗಿ ಹ್ಯಾಂಡ್‌ಬ್ರೇಕ್ ಎಳೆದು, ಬಾಗಿಲು ತೆಗೆದು, ಇಳಿದು, ಮನೆಗೆ ನಡೆದುಕೊಂಡು ಬಂದಳು. ಹಿಂದಿನಿಂದ ಹಾರನ್ನುಗಳ ಗದ್ದಲ, ಮುಂದೆ ಟ್ರಾಫಿಕ್ ಪೊಲೀಸಿನವನು, ನಡುವೆ ಬ್ರೇಕು ಬಿಟ್ಟರೆ ಬೇರೇನೂ ಇಲ್ಲದ ಸೀಟಿನಲ್ಲಿ ಮೇಷ್ಟ್ರು. ಆ ಅವಮಾನ ಅವರಿಗೆ ಇನ್ನೂ ಆರಿರಲಿಲ್ಲ. ಅವರು ತಟ್ಟೆಯಲ್ಲೇ ಕೈ ತೊಳೆದು ಎದ್ದರು.

"ಒಂದು ತುತ್ತು ನೆಮ್ಮದಿಯಾಗಿ ತಿನ್ನೋಕೆ ಬಿಡಲ್ಲ ನೀವಿಬ್ರೂ," ಎಂದು ತಾಯಿ ಗೊಣಗಿದಳು. ಯಾರಿಗೆಂದು ಅವಳಿಗೇ ಗೊತ್ತಿರಲಿಲ್ಲ.

ಆದರೆ ಹಗಲು ಅವಳದಾಗಿತ್ತು. ಒಂಬತ್ತಕ್ಕೆ ಮಗಳು, ಅದಕ್ಕೂ ಮುಂಚೆ ಗಂಡ ಹೊರಟ ಮೇಲೆ ಅಜ್ಜಿ ಒಂದು ನಿದ್ದೆ ತೆಗೆಯುತ್ತಿದ್ದರು, ನಾಯಿ ಯಂತ್ರದ ಕೆಳಗೆ ಕತ್ತರಿಸಿದ ಬಟ್ಟೆಯ ಚೂರುಗಳ ಮೇಲೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಟೈಲರಮ್ಮ ಅಡಿಗೆಮನೆಗೆ ಹೋಗಿ ಅಲ್ಲಿಂದ "ಬಾ" ಎನ್ನುವಳು. ಗಾರೆ ನೆಲದ ಮೇಲೆ ಉಗುರುಗಳ ಸದ್ದು ಚಟಪಟನೆ ಬರುವುದು. ಬಚ್ಚಲಿನಿಂದ ಕರೆಯುವಳು, ಹಿತ್ತಲಿನಿಂದ ಕರೆಯುವಳು. ಎಲ್ಲಿಂದ ಕರೆದರೂ ಬಂತು. ಬಂದ ಸಲವೆಲ್ಲ ಮೊಟ್ಟೆಯೋ, ಬೇಯಿಸಿದ ಆಲೂಗಡ್ಡೆಯ ಚೂರೋ, ಏನೂ ಇಲ್ಲದಿದ್ದರೆ ಕತ್ತಿನ ಕೆಳಗೆ ಒಂದಿಷ್ಟು ತುರಿಸುವುದು. ಒಮ್ಮೆ ಕೆಲಸವಿಲ್ಲದಿದ್ದರೂ ಬರಿದೆ ಆ ಸದ್ದು ಕೇಳಲೆಂದೇ ಮೂರು ಸಲ ಕರೆದಳು. ತಾನು ಕರೆದದ್ದಕ್ಕೆ ಆ ಮನೆಯಲ್ಲಿ ಒಂದು ಜೀವ ಓಡಿಬಂದು ಎಷ್ಟು ವರ್ಷವಾಗಿತ್ತೋ ಅವಳಿಗೆ ನೆನಪಿರಲಿಲ್ಲ. ನಾಚಿಕೆಯಾಗುವಷ್ಟು ಸಂತೋಷವಾಯಿತು.

ಮೂರನೇ ವಾರದ ಹೊತ್ತಿಗೆ ಕೂರುವುದು, ಇರುವುದು, ಬಿಡುವುದು ಮೂರೂ ಬಂದಿದ್ದವು. ನಾಲ್ಕನೆಯದರದೇ ತಕರಾರು. ಮಗಳು ಕರೆದರೆ ಬರುತ್ತಿತ್ತು, ತಾಯಿ ಕರೆದರೆ ಹಾರಿಕೊಂಡು ಬರುತ್ತಿತ್ತು. ಮೇಷ್ಟ್ರು "ಬಾ ಇಲ್ಲಿ" ಎಂದರೆ ಮಾತ್ರ ಹೊಟ್ಟೆ ನೆಲಕ್ಕಂಟಿಸಿ, ಹಿಂದಕ್ಕೆ ಹಿಂದಕ್ಕೆ ಸರಿದು ಮಂಚದ ಕೆಳಗೆ ಸೇರುತ್ತಿತ್ತು.

"ಸೊಕ್ಕು ಅದಕ್ಕೆ. ಇನ್ನು ಒಂಬತ್ತು ದಿನ. ನನ್ನ ಮಾತು ಮಾತೇ," ಎಂದರು ಮೇಷ್ಟ್ರು.

ಒಂಬತ್ತು ದಿನ ಎಂಬುದು ಟೈಲರಮ್ಮನ ತಲೆಯಲ್ಲಿ ಕೂತುಬಿಟ್ಟಿತು. ಜಿಪ್ಪು ಹೊಲಿಯುವಾಗಲೂ ಒಂಬತ್ತು, ಅಕ್ಕಿ ತೊಳೆಯುವಾಗಲೂ ಒಂಬತ್ತು. ಹೇಗಾದರೂ ಒಂದು ಸಲ, ಒಂದೇ ಒಂದು ಸಲ, ಇದು ಅವರ ಕಣ್ಣೆದುರು ಕರೆದಾಗ ಬಂದುಬಿಟ್ಟರೆ ಸಾಕು ಎಂದುಕೊಂಡಳು.

ಅದರ ಮರುದಿನವೇ ಕೋಟಿನ ಸಂಗತಿ ನಡೆಯಿತು. ಬ್ಯಾಂಕಿನವರೊಬ್ಬರು ಒಳಗಿನ ಅಸ್ತರು ಬದಲಿಸಲು ಕೊಟ್ಟಿದ್ದ ಕಪ್ಪು ಕೋಟು. ಅವಳು ಒಲೆಯ ಮೇಲಿನ ಹಾಲು ನೋಡಲು ಎದ್ದು ಹೋದಾಗ ತೋಳು ಕುರ್ಚಿಯಿಂದ ಕೆಳಗೆ ಜೋತುಬಿದ್ದಿತ್ತು. ವಾಪಸ್ಸು ಬರುವಷ್ಟರಲ್ಲಿ ಮಣಿಕಟ್ಟಿನ ಕಡೆಯ ಬಟ್ಟೆ ನಾಯಿಯ ಬಾಯಲ್ಲಿತ್ತು. "ಬಿಡು" ಎಂದಳು. ಪಾಪ, ಬಿಟ್ಟಿತು. ಆದರೆ ಬಿಡುವ ಹೊತ್ತಿಗೆ ಬಿಡಬೇಕಾದದ್ದು ಏನೂ ಉಳಿದಿರಲಿಲ್ಲ. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಅವಳು ಕೋಟನ್ನು ಬಚ್ಚಿಡಲು ನೋಡಿದಳು, ಕೈ ಸಾಗಲಿಲ್ಲ. ಮೇಷ್ಟ್ರು ಕೋಟಿನ ತೋಳನ್ನು ಎತ್ತಿ ಹಿಡಿದು ನೋಡಿದರು.

"ಎಲ್ಲಿ ಅದು?"

ಅದು ಆಗಲೇ ಅಜ್ಜಿಯ ಮಂಚದ ಕೆಳಗೆ, ಗೋಡೆಯ ಮೂಲೆಯಲ್ಲಿತ್ತು. ಕೈ ಎಟುಕುತ್ತಿರಲಿಲ್ಲ. ಮೇಷ್ಟ್ರು ಕರೆದರು. ಗದರಿದರು. ಸ್ಕೇಲಿನಿಂದ ಮಂಚದ ಕಾಲಿಗೆ ಬಡಿದರು. "ನಾನು ಮಲಗಿದೀನಿ ಕಣೋ, ನಂಗ್ಯಾಕೆ ಬಡೀತೀಯ?" ಎಂದರು ಅಜ್ಜಿ. ನಾಯಿ ಬರಲಿಲ್ಲ.

ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. "ನೀನು ಕರಿ."

"ಇರ್ಲಿ ಬಿಡ್ರೀ. ಕೋಟು ನಾನು ಸರಿಮಾಡ್ತೀನಿ. ಅದೇ ಬಣ್ಣದ ಬಟ್ಟೆ ಸಿಗುತ್ತೆ."

"ಕರಿ ಅಂದ್ನಲ್ಲ. ನೀನು ಕರೆದ್ರೆ ಬರುತ್ತೆ ಅಂತ ತಾಯಿ ಮಗಳು ದಿನಾ ಹೇಳ್ತೀರಲ್ಲ, ನಾನೂ ನೋಡ್ತೀನಿ. ಬಂದ್ರೆ ನಾಲ್ಕನೇದೂ ಪಾಸು ಅನ್ಕೋ."

ಪಾಸು ಎಂಬ ಮಾತು ಅವಳನ್ನು ಹಿಡಿದುಕೊಂಡಿತು. ಅವರ ಇನ್ನೊಂದು ಕೈಯಲ್ಲಿ ಸ್ಕೇಲಿದ್ದದ್ದು ಕಾಣಲಿಲ್ಲ ಎಂದು ಆಮೇಲೆ ಅವಳು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಳು. ಕಂಡಿತ್ತು. ಕಂಡಿದ್ದರೂ ಬಗ್ಗಿ, ಮೊಟ್ಟೆ ಹಿಡಿದುಕೊಂಡಾಗಿನ ದನಿಯಲ್ಲೇ, "ಚಿಟಿಕೆ, ಬಾ," ಎಂದಳು.

ಬಂತು. ತಲೆ ತಗ್ಗಿಸಿಕೊಂಡು, ಬಾಲವನ್ನು ಒಂಚೂರೇ ಆಡಿಸುತ್ತಾ ಅವಳ ಕೈ ಮೂಸಲು ಬಂತು. ಮೇಷ್ಟ್ರು ಕತ್ತಿನ ತೊಗಲು ಹಿಡಿದು ಎತ್ತಿದರು. ಎರಡು ಏಟಿನವರೆಗೆ ಅದು ಕೂಗಿತು. ಆಮೇಲೆ ಕೂಗಲಿಲ್ಲ, ಅವಳ ಕಡೆಯೇ ನೋಡುತ್ತಿತ್ತು.

"ಸಾಕು ಬಿಡೋ ಮಹರಾಯ, ಸತ್ತುಗಿತ್ತು ಹೋದೀತು," ಎಂದು ಅಜ್ಜಿ ಎದ್ದು ಕೂತರು. ಅವಳು ಮಾತ್ರ ಬಗ್ಗಿದ್ದಲ್ಲೇ ಬಗ್ಗಿದ್ದಳು.

ಕೆಲಸ ಮುಗಿಸಿ ಬಂದ ಮಗಳು ಬಾಗಿಲಲ್ಲೇ ನಿಂತಳು. ದಿನಾ ಚಪ್ಪಲಿ ಬಿಡುವ ಮೊದಲೇ ಕಾಲಿಗೆ ತೊಡರುವ ನಾಯಿ ಕಾಣಲಿಲ್ಲ. ಮೇಷ್ಟ್ರು ಗಾಡಿಗೆ ಗಾಳಿ ಹಾಕಿಸಲು ಹೋಗಿದ್ದರು. ನಡೆದದ್ದನ್ನು ಅಜ್ಜಿ ಹೇಳಿದರು. ಮಗಳು ಮಂಚದ ಕೆಳಗೆ ಟಾರ್ಚು ಬಿಟ್ಟು ನೋಡಿ, ಎದ್ದು, ಅಡಿಗೆಮನೆಗೆ ಬಂದಳು.

"ಅಪ್ಪ ಕರೆದ್ರೆ ಅದು ಬರಲ್ಲ. ಯಾರು ಕರೆದಿದ್ದು?"

ತಾಯಿ ಈರುಳ್ಳಿ ಹೆಚ್ಚುತ್ತಲೇ, "ನಾನು," ಎಂದಳು.

ಮಗಳು ಕೂಗಾಡಿದ್ದರೆ ಒಳ್ಳೆಯದಿತ್ತು. "ನಂಗೂ ಹೀಗೇ ಮಾಡ್ತಿದ್ದೆ ಅಮ್ಮ ನೀನು," ಎಂದಳು ಮೆತ್ತಗೆ.

"ನಾನೇನೇ ಮಾಡ್ದೆ?"

"ಮಾರ್ಕ್ಸ್ ಕಾರ್ಡ್ ಬಂದ ದಿನ ನಾನು ಪಕ್ಕದ ಮನೆ ಮೆಟ್ಟಿಲ ಹಿಂದೆ ಕೂತಿರ್ತಿದ್ದೆ. ಅಪ್ಪ ಎಷ್ಟು ಕೂಗಿದ್ರೂ ಬರ್ತಿರ್ಲಿಲ್ಲ. ಆಮೇಲೆ ನೀನು ಬರ್ತಿದ್ದೆ. ಪುಟ್ಟಿ, ಊಟಕ್ಕೆ ಬಾ ಅಂತ. ನಿನ್ನ ದನಿ ಅಂತ ಬರ್ತಿದ್ದೆ. ಬಾಗಿಲ ಹಿಂದೆ ಅಪ್ಪ ನಿಂತಿರೋರು."

"ಊಟಕ್ಕೇ ಕರೀತಿದ್ದೆ ಕಣೆ."

"ಹ್ಞೂಂ. ಊಟ ಆಮೇಲೆ ಸಿಗ್ತಿತ್ತು."

ತಾಯಿಗೆ ಈರುಳ್ಳಿಯ ನೆಪವಿತ್ತು, ಕಣ್ಣೊರೆಸಿಕೊಂಡಳು. ಮಗಳು ಹೇಳಿದ್ದು ನಿಜ. ಮಗು ಉಪವಾಸ ಬೀಳಬಾರದು, ಗಂಡನ ಸಿಟ್ಟು ಬೇಗ ಇಳಿಯಲಿ, ಎರಡು ಏಟು ತಿಂದರೆ ಮುಗಿದುಹೋಗುತ್ತದೆ ಎಂದು ಅವಳು ಎಷ್ಟು ಸಲ ಆ ಮೆಟ್ಟಿಲವರೆಗೆ ಹೋಗಿರಲಿಲ್ಲ! ಪ್ರತಿ ಸಲವೂ ತಾನು ಜಗಳ ಬಿಡಿಸುತ್ತಿದ್ದೇನೆ ಎಂದೇ ತಿಳಿದಿದ್ದಳು.

ಆಮೇಲಿನ ದಿನಗಳಲ್ಲಿ ಅವಳು ಹರಿದದ್ದನ್ನು ಹೊಲಿಯಲು ನೋಡಿದಳು. ಕೋಟಿನ ತೋಳು ಸರಿಹೋಯಿತು, ಹೊಸ ಬಟ್ಟೆ ಸೇರಿಸಿದ್ದು ಅವಳಿಗೇ ಗುರುತು ಸಿಗದಷ್ಟು. ನಾಯಿಯದು ಸರಿಹೋಗಲಿಲ್ಲ. ಮೊಟ್ಟೆ ಹಿಡಿದು "ಬಾ" ಎಂದರೆ ಅದು ಅಲ್ಲಿಂದಲೇ ಮೊಟ್ಟೆ ನೋಡುತ್ತಿತ್ತು, ಅವಳ ಬೆನ್ನ ಹಿಂದೆ ನೋಡುತ್ತಿತ್ತು. ತುಂಡನ್ನು ನೆಲದ ಮೇಲಿಟ್ಟು ಅವಳು ಹೊರಟುಹೋದ ಮೇಲೆ ಬಂದು ತಿನ್ನುತ್ತಿತ್ತು. ಯಂತ್ರದ ಕೆಳಗಿನ ಚೂರುಗಳ ಮೇಲೆ ಮಲಗುವುದನ್ನು ಬಿಟ್ಟಿತು. ಹಗಲೆಲ್ಲ ಯಂತ್ರದ ಸದ್ದು ಒಂದೇ.

"ನಾಯಿಗೆ ಮರೆವು ಜಾಸ್ತಿ ಅಂತಾರೆ, ಸುಳ್ಳು," ಎಂದರು ಅಜ್ಜಿ. "ಬಾರಿಸಿದ್ದು ಅವನು, ಮುನಿಸು ನಿನ್ನ ಮೇಲೆ. ನೀನಾದ್ರೂ ಯಾಕೆ ಕರೆದ್ಯೇ?"

"ಅವಳು ಮನೆ ಬಿಟ್ಟು ಹೋಗಬಾರದಲ್ಲ ಅತ್ತೆ, ಅದಕ್ಕೆ."

ಅಜ್ಜಿಗೆ ಎರಡೂ ಕಿವಿ ಕೇಳಿಸಿದಂತಿತ್ತು.

ತಿಂಗಳು ಮುಗಿಯಲು ನಾಲ್ಕು ದಿನವಿತ್ತು. ಪಾಸಿನ ಮಾತನ್ನು ಮೇಷ್ಟ್ರು ಮತ್ತೆ ಎತ್ತಿರಲಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಬ್ಯಾಂಕಿನವರು ಕೋಟು ಒಯ್ಯಲು ಬಂದರು. ಅವರು ತೋಳನ್ನು ತಿರುಗಿಸಿ ನೋಡಿ, "ಚೆನ್ನಾಗಿ ಮಾಡಿದೀರಿ," ಎನ್ನುತ್ತಾ ಗೇಟು ತೆಗೆದು ಹೊರಗೆ ಹೋಗುವಾಗ ಅವರ ಕಾಲ ಸಂದಿಯಿಂದ ಕಂದು ಬಣ್ಣದ್ದೊಂದು ಸರಕ್ಕನೆ ಬೀದಿಗೆ ಇಳಿಯಿತು.

ಅದೇ ಹೊತ್ತಿಗೆ ಮೇಷ್ಟ್ರ ಕಾರು ಬೀದಿಗೆ ತಿರುಗಿತು. ಸ್ಟೀರಿಂಗಿನ ಮುಂದೆ ಕಲಿಯಲು ಬಂದ ಒಬ್ಬ ನರ್ಸಮ್ಮ. ಊಟದ ಹೊತ್ತಿಗೆ ಪಾಠ ಮನೆಯ ಕಡೆಗೇ ತಿರುಗಿಸಿಕೊಳ್ಳುವುದು ಮೇಷ್ಟ್ರ ರೂಢಿ. ನಾಯಿಯನ್ನು ಕಂಡು ನರ್ಸಮ್ಮ ಎರಡೂ ಕೈ ಬಿಟ್ಟು ಮುಖ ಮುಚ್ಚಿಕೊಂಡರು. ಮೇಷ್ಟ್ರು ತಮ್ಮ ಬ್ರೇಕು ಒತ್ತಿದರು. ಕಾರು ನಾಯಿಯಿಂದ ಒಂದು ಮೊಳ ಈಚೆ ನಿಂತಿತು. ಟೈಲರಮ್ಮ ಗೇಟಿನಲ್ಲಿ ಹಿಡಿದಿದ್ದ ಉಸಿರು ಬಿಟ್ಟಳು.

ಮೇಷ್ಟ್ರು ಇಳಿದರು. "ಬಾ ಇಲ್ಲಿ!" ಎಂದರು. ನಾಯಿ ಹೊಟ್ಟೆ ನೆಲಕ್ಕಿಟ್ಟಿತು.

"ನೀವು ಕರೀಬೇಡಿ, ಒಳಗೆ ಕೂತ್ಕೊಳ್ಳಿ," ಎಂದು ಅವಳು ಓಡಿ ಬಂದು, ಬೀದಿಯ ನಡುವೆ ಮಂಡಿಯೂರಿ, ಕೈ ಚಾಚಿದಳು. "ಚಿಟಿಕೆ, ಬಾ. ಬಾ ಮರಿ."

ನಾಯಿ ಅವಳನ್ನು ನೋಡಿತು. ಅವಳ ಹಿಂದೆ ನಿಂತಿದ್ದವರನ್ನು ನೋಡಿತು. ಕಿವಿ ಹಿಂದಕ್ಕೆ ಮಡಿಸಿ, ತಿರುಗಿ, ದೊಡ್ಡ ರಸ್ತೆಯ ಕಡೆ ಓಡಿತು. ಅವಳು ಕೂಗಿದಷ್ಟೂ ಅದರ ಓಟ ಜೋರಾಯಿತು. ಕರೆಯುವುದನ್ನು ನಿಲ್ಲಿಸಬೇಕು ಎಂದು ಅವಳಿಗೆ ಹೊಳೆಯುವ ಹೊತ್ತಿಗೆ ಅದು ರಸ್ತೆ ತಲುಪಿತ್ತು. ಬ್ರೆಡ್ಡು ಹಂಚುವ ವ್ಯಾನಿನವನು ನಿಲ್ಲಿಸಿ ಇಳಿದು ಬಂದ, ಒಳ್ಳೆಯವನು, "ಕಾಣಲೇ ಇಲ್ಲ ತಾಯಿ, ಅಷ್ಟು ಸಣ್ಣದು," ಎಂದು ಮತ್ತೆ ಮತ್ತೆ ಹೇಳಿದ.

ಮೇಷ್ಟ್ರೇ ಅದನ್ನು ಕಾರಿನ ನೆಲಹಾಸಿನಲ್ಲಿ ಸುತ್ತಿ ತಂದರು. ಹಿತ್ತಲಲ್ಲಿ ಗುಂಡಿ ತೋಡಿದವರೂ ಅವರೇ. "ನಾನು ಬ್ರೇಕ್ ಹಾಕಿದ್ದೆ. ನನ್ನ ಗಾಡಿ ನಿಂತಿತ್ತು. ನೀನೇ ನೋಡಿದ್ಯಲ್ಲ, ನನ್ನ ಗಾಡಿ ನಿಂತಿತ್ತು," ಎನ್ನುತ್ತಿದ್ದರು. ಅದು ನಿಜವೂ ಆಗಿತ್ತು. ಅವರ ಗಾಡಿ ನಿಂತಿತ್ತು.

ಸಂಜೆ ಮಗಳು ಬಂದಳು. ಹಿತ್ತಲಿಗೆ ಹೋಗಿ ನಿಂತಳು. ಒಳಗೆ ಬಂದು ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡಳು. "ಎಲ್ಲಿಗೇ ಪುಟ್ಟಿ, ಊಟದ ಹೊತ್ತಲ್ಲಿ?" ಎಂದು ಅಜ್ಜಿ ಅವಳ ಕೈ ಹಿಡಿದರು. ಮಗಳು ಅಜ್ಜಿಯ ತಲೆ ಸವರಿ ಕೈ ಬಿಡಿಸಿಕೊಂಡಳು. ಅಪ್ಪನ ಜೊತೆ ಜಗಳವಾಡಲಿಲ್ಲ, ಅಮ್ಮನ ಮುಖ ನೋಡಲಿಲ್ಲ. ಗೇಟನ್ನು ಸರಿಯಾಗಿ ಮುಚ್ಚಿಕೊಂಡು ಹೋದಳು.

ಎರಡು ವಾರ ಕಳೆಯಿತು. ಮನೆಯಲ್ಲಿ ಊಟಗಳು ಬೇಗ ಮುಗಿಯತೊಡಗಿದವು. ಅಜ್ಜಿ ಮಗನನ್ನು ಮಾತಾಡಿಸುವುದನ್ನು ಬಿಟ್ಟು, ಏನಿದ್ದರೂ ಸೊಸೆಯ ಮೂಲಕ ಹೇಳಿಸುತ್ತಿದ್ದರು. "ಉಪ್ಪು ಈ ಕಡೆ ಕೊಡೋಕೆ ಹೇಳೇ ನಿನ್ನ ಗಂಡನಿಗೆ." ಮೇಷ್ಟ್ರು ಅರ್ಧಕ್ಕೇ ಏಳುತ್ತಿದ್ದರು. ಒಂದು ಭಾನುವಾರ ಬೆಳಿಗ್ಗೆ ಅವರು ಯಂತ್ರದ ಪಕ್ಕ ಬಂದು ನಿಂತರು. ಗಡ್ಡ ಬೆಳೆದಿತ್ತು.

"ನೀನು ಹೋಗಿ ಕರ್ಕೊಂಡು ಬಾ ಅವಳನ್ನ. ನಾನು ಹೋದ್ರೆ ಬರಲ್ಲ, ನೀನು ಕರೆದ್ರೆ ಬರ್ತಾಳೆ."

ಇಷ್ಟು ದಿನ ಅವಳು ಕಾಯುತ್ತಿದ್ದದ್ದು ಇದನ್ನೇ. "ಬಂದ ಮೇಲೆ ನೀವೇನೂ ಅನ್ನಬಾರದು," ಎಂದಳು.

"ನಾನ್ಯಾಕೆ ಅನ್ಲಿ? ಮನೆ ಭಣಭಣ ಅನ್ನುತ್ತೆ. ಬರ್ಲಿ." ಅವರು ಬಾಗಿಲವರೆಗೆ ಹೋಗಿ ತಿರುಗಿದರು. "ಒಂದೇ ಒಂದು ಮಾತು ಕೇಳ್ತೀನಿ, ಅಷ್ಟೇ. ಹೇಳದೆ ಕೇಳದೆ ಎದ್ದು ಹೋಗಿದ್ದು ಸರೀನಾ ಅಂತ. ಅದನ್ನೂ ಕೇಳಬಾರ್ದಾ? ತಂದೆ ಅಲ್ವಾ ನಾನು? ಮೊದಲು ಬರ್ಲಿ, ಆಮೇಲೆ ನೋಡ್ಕೊಳ್ಳೋಣ."

ಅವಳು ಸೆರಗು ಸರಿಮಾಡಿಕೊಂಡು ಹೊರಟಳು.

ಮೆಡಿಕಲ್ ಸ್ಟೋರಿನಲ್ಲಿ ಭಾನುವಾರವೂ ಜನವಿದ್ದರು. ಅವಳು ಸಾಲಿನಲ್ಲಿ ನಿಂತಳು. ಬಿಳಿ ಕೋಟು ಹಾಕಿಕೊಂಡ ಮಗಳು ಒಬ್ಬ ಮುದುಕನಿಗೆ ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಆಮೇಲೆ ಎಂದು ಬಿಡಿಸಿ ಹೇಳುತ್ತಿದ್ದಳು. ಕೋಟು ಭುಜದಲ್ಲಿ ದೊಡ್ಡದಾಗಿತ್ತು, ತಾನು ಒಳಗೆ ಹಿಡಿದು ಹೊಲಿದುಕೊಡಬಹುದಿತ್ತು ಎಂದು ತಾಯಿಗೆ ಅನ್ನಿಸಿತು. ಮಗಳು ಸೊರಗಿದ್ದಳು. ಸರದಿ ಬಂದಾಗ ಇಬ್ಬರ ನಡುವೆ ಗಾಜಿನ ಕೌಂಟರಿತ್ತು.

"ಅಪ್ಪ ಕಳಿಸಿದ್ರಾ?" ಎಂದಳು ಮಗಳು.

"ಹ್ಞೂಂ."

ಮಗಳು ಕೌಂಟರಿನ ಮೇಲಿನ ಮಾತ್ರೆಯ ಹಾಳೆಗಳನ್ನು ಜೋಡಿಸಿದಳು, ಮತ್ತೆ ಜೋಡಿಸಿದಳು. ಆಮೇಲೆ ತಲೆಯೆತ್ತದೆಯೇ ಹೇಳಿದಳು. "ಕರೀ ಅಮ್ಮ. ನಂಗೂ ಸಾಕಾಗಿದೆ. ಆ ರೂಮಲ್ಲಿ ನೀರು ಸರಿಯಾಗಿ ಬರಲ್ಲ, ಮಂಚ ಕಿರ್ರ್ ಅನ್ನುತ್ತೆ, ಹೊರಗಿನ ಊಟ ಗಂಟಲಲ್ಲಿ ಇಳಿಯಲ್ಲ. ನೀನು ಬಾ ಅಂದ್ರೆ ಬರ್ತೀನಿ. ಒಂದು ಸಲ ಅನ್ನು, ಈಗಲೇ ಬರ್ತೀನಿ."

ಹಿಂದೆ ನಿಂತವರು ಕೆಮ್ಮಿದರು. ತಾಯಿಯ ನಾಲಿಗೆಯ ತುದಿಯಲ್ಲೇ ಇತ್ತು ಮಾತು. ಮಗಳು ಈಗ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದಳು, ಚಿಕ್ಕಂದಿನಲ್ಲಿ ಮೆಟ್ಟಿಲ ಹಿಂದಿನಿಂದ ನೋಡುತ್ತಿದ್ದ ಹಾಗೆ.

"ಬರ್ಬೇಡ," ಎಂದಳು ತಾಯಿ. "ನಾನೇ ವಾರ ವಾರ ಊಟ ತಗೊಂಡು ಇಲ್ಲಿಗೆ ಬರ್ತೀನಿ. ನೀನು ಬರ್ಬೇಡ ಪುಟ್ಟಿ."

ಮಗಳ ಮುಖ ಕಿವುಚಿಕೊಂಡಿತು. ಅವಳು ಬಗ್ಗಿ ಡ್ರಾಯರಿನಲ್ಲಿ ಏನನ್ನೋ ಹುಡುಕುವಂತೆ ಮಾಡಿದಳು. ಹಿಂದಿನವರಿಗೆ ದಾರಿ ಬಿಟ್ಟು ತಾಯಿ ಹೊರಗೆ ಬಂದಳು. ಮನೆಯವರೆಗೂ ಬಸ್ಸು ಹತ್ತದೆ ನಡೆದೇ ಬಂದಳು.

ಮೇಷ್ಟ್ರು ಗೇಟಿನಲ್ಲೇ ಇದ್ದರು. ಗಡ್ಡ ಹೆರೆದು, ಒಗೆದ ಅಂಗಿ ಹಾಕಿಕೊಂಡಿದ್ದರು. ಅವಳ ಹಿಂದೆ ಬೀದಿಯ ತುದಿಯವರೆಗೂ ನೋಡಿದರು.

"ಏನಂದ್ಲು? ಬರಲ್ಲ ಅಂದ್ಲಾ?"

"ಬರ್ತೀನಿ ಅಂದ್ಲು," ಎಂದಳು ಅವಳು. "ನಾನೇ ಬೇಡ ಅಂದೆ."

ಅವರನ್ನು ದಾಟಿಕೊಂಡು ಒಳಗೆ ಹೋಗಿ, ಅತ್ತೆಗೆ ಟೀ ಇಡಲು ಒಲೆ ಹಚ್ಚಿದಳು.